ಬಾಗಿಲು ತಟ್ಟಿದವರ ನೆನಪು

ರಾಜ್ಯ ಸರ್ಕಾರ 2025ರ ಜುಲೈಯಲ್ಲಿ ಶುರುಮಾಡಿದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಕೇಳಲು ಹಿತವಾಗಿದೆ. ನಲವತ್ತು-ಐವತ್ತು ಮನೆಗಳನ್ನು ಒಂದು ಗುಂಪು ಮಾಡಿ, ಬೀಟ್ ಪೊಲೀಸರು ಮನೆಮನೆಗೆ ಹೋಗಿ ಅಹವಾಲು ಕೇಳಬೇಕು. ಬಂಟ್ವಾಳ, ಬೆಳ್ತಂಗಡಿ ಎರಡೂ ತಾಲೂಕಿನ ಊರುಗಳು ಸೇರುವ ಪುಂಜಾಲಕಟ್ಟೆ ಠಾಣೆಯಂಥ ಕಡೆ, ತೋಟ-ಗುಡ್ಡಗಳ ನಡುವೆ ಒಂದೊಂದಾಗಿ ಚದುರಿದ ಮನೆಗಳಲ್ಲಿ ಒಂಟಿಯಾಗಿರುವ ಮುದುಕರಿಗೆ, ಠಾಣೆಯ ಮೆಟ್ಟಿಲು ಹತ್ತಲು ಅಳುಕುವ ಹೆಂಗಸರಿಗೆ ಇದರಿಂದ ಉಪಕಾರವಿದೆ. ಆದರೆ ಅಂಗಳಕ್ಕೆ ಪೊಲೀಸರು ಬಂದದ್ದು ಎಲ್ಲ ಮನೆಗಳಿಗೂ ಒಂದೇ ಅರ್ಥ ಕೊಡುವುದಿಲ್ಲ. ಕಾರ್ಯಕ್ರಮವನ್ನು ಅಳೆಯಬೇಕಾದದ್ದು ಅಲ್ಲಿ.

ಪುಂಜಾಲಕಟ್ಟೆಯಿಂದ ಬಹಳ ದೂರವಿಲ್ಲದ, ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಕಾಡಂಚಿನ ಮನೆಗಳಿಗೆ ಪೊಲೀಸರು ಹೊಸಬರಲ್ಲ. ನಕ್ಸಲ್ ಶೋಧದ ವರ್ಷಗಳಲ್ಲಿ ಅವರು ಮನೆಮನೆಗೂ ಹೋದವರೇ. 2012ರ ಮಾರ್ಚ್‌ನಲ್ಲಿ ಅಲ್ಲಿನ ಮಲೆಕುಡಿಯ ಬುಡಕಟ್ಟಿನ, ಪತ್ರಿಕೋದ್ಯಮದ ವಿದ್ಯಾರ್ಥಿ ವಿಠಲ ಮಲೆಕುಡಿಯ ಮತ್ತು ಅವರ ತಂದೆ ಲಿಂಗಪ್ಪ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿತರಾದರು. ಅವರ ಮೇಲೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎ ಹೇರಲಾಯಿತು. ಸಿಕ್ಕ ಸಾಕ್ಷ್ಯದಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವಿತ್ತು, ಪತ್ರಿಕೆಯ ತುಣುಕುಗಳಿದ್ದವು. ಓದುವ ಹುಡುಗನ ಮನೆಯಲ್ಲಿ ಮತ್ತೇನಿರಬೇಕಿತ್ತೋ! ಕೋಳ ಹಾಕಿಸಿಕೊಂಡೇ ಆ ಹುಡುಗ ಪರೀಕ್ಷೆಗೆ ಬಂದ. ನಿರಪರಾಧಿಗಳೆಂದು ಮಂಗಳೂರಿನ ನ್ಯಾಯಾಲಯ ಹೇಳಿದ್ದು 2021ರ ಅಕ್ಟೋಬರ್‌ನಲ್ಲಿ, ಒಂಬತ್ತೂವರೆ ವರ್ಷದ ಮೇಲೆ. ಅದೇ ವರ್ಷದ ಡಿಸೆಂಬರ್ 27ರ ರಾತ್ರಿ ಉಡುಪಿ ಜಿಲ್ಲೆಯ ಕೋಟತಟ್ಟುವಿನಲ್ಲಿ ಕೊರಗ ಬುಡಕಟ್ಟಿನವರ ಮನೆಯ ಮದುವೆಯ ಮೆಹಂದಿಗೆ ಪೊಲೀಸರು ಹೋದದ್ದು ಧ್ವನಿವರ್ಧಕದ ದೂರಿನ ಮೇಲೆ, ಬೀಸಿದ್ದು ಲಾಠಿ. ಎಸ್‌ಐ ಅಮಾನತಾದರು, ಆದರೆ ಏಟು ತಿಂದವರ ಮೇಲೂ ಪ್ರಕರಣ ದಾಖಲಾಯಿತು. ಡಿ.ಜೆ. ಸದ್ದು ಯಾವ ಜಾತಿಯ ಮದುವೆಯಲ್ಲಿ ಇರುವುದಿಲ್ಲ?

ಕುತ್ಲೂರಿನ ಮೇಲಿನ ಸಂಶಯ ಬರೀ ಕಲ್ಪನೆಯಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. 2025ರ ಜನವರಿಯಲ್ಲಿ ಶರಣಾದ ಆರು ನಕ್ಸಲರಲ್ಲಿ ಆ ಊರಿನ ಸುಂದರಿಯೂ ಇದ್ದರು. ಆದರೆ ಕಾನೂನು ವಿಚಾರಿಸಬೇಕಾದದ್ದು ವ್ಯಕ್ತಿಯನ್ನು, ಊರನ್ನೋ ಬುಡಕಟ್ಟನ್ನೋ ಅಲ್ಲ. ಬೀಟ್‌ನವರಿಗೆ ಮನೆಯ ಪರಿಚಯವಿದ್ದರೆ ಇಂಥ ತಪ್ಪು ಆಗುವುದಿಲ್ಲ ಎಂಬುದು ಇನ್ನೊಂದು ವಾದ. ಇದನ್ನು ಅರ್ಧ ಒಪ್ಪಬಹುದು. ಪರಿಚಯ ಬಾಂಧವ್ಯವೂ ಆದೀತು, ನಿಗಾವೂ ಆದೀತು. ಯಾವುದು ಎಂದು ತೀರ್ಮಾನಿಸುವುದು ಪೇದೆಯ ನಗುಮುಖವಲ್ಲ, ತಪ್ಪಿದಾಗ ಅವರನ್ನು ಕೇಳುವವರು ಯಾರು ಎಂಬುದು. ಪೊಲೀಸರ ವಿರುದ್ಧದ ದೂರಿಗೆ ಜಿಲ್ಲೆ ಜಿಲ್ಲೆಯಲ್ಲೂ ನಿವೃತ್ತ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಪ್ರಾಧಿಕಾರ ಬೇಕೆಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2006ರಲ್ಲೇ. ಮನೆಗೆ ಬರುವ ಬೀಟ್ ಪೊಲೀಸರು ತಮ್ಮ ಮೊಬೈಲ್ ನಂಬರಿನ ಜೊತೆಗೆ, ತಮ್ಮ ಮೇಲೆಯೇ ದೂರು ಕೊಡುವುದು ಎಲ್ಲಿ ಎಂಬ ವಿಳಾಸವನ್ನೂ ಕೊಟ್ಟು ಹೋಗಬೇಕು. ಕುತ್ಲೂರಿನಲ್ಲಾದರೆ ಅದನ್ನು ತುಳುವಿನಲ್ಲಿ ಬಿಡಿಸಿ ಹೇಳಬೇಕು.