ವರ್ಣದ ಹೊಸ್ತಿಲಲ್ಲಿ

ವೀಣೆ ಕಲಿತು ಬಿಟ್ಟವರನ್ನು ಕಂಡರೆ, ಯಾವ ಪಾಠಕ್ಕೆ ಬಿಟ್ಟಿರಿ ಎಂದು ಕೇಳುವುದು ನನ್ನ ಚಟ. ಸರಳೆಗೆ ಬಿಟ್ಟವರು ಕಡಿಮೆ. ಆಗ ಹುಮ್ಮಸ್ಸು ಬಿಸಿಬಿಸಿ. ತಂತಿ ಕೊರೆದ ಬೆರಳನ್ನು ಆಫೀಸಿನಲ್ಲಿ ನಾಲ್ಕು ಜನಕ್ಕೆ ತೋರಿಸಿ ಬೀಗಬಹುದು. ಮಲಹರಿಯ ಗೀತೆಗಳಿಗೆ ಬರುವ ಹೊತ್ತಿಗೆ ಮನೆಯವರೂ ಗುನುಗತೊಡಗುತ್ತಾರೆ. ಬಹಳ ಜನ ಕೈಚೆಲ್ಲುವುದು ವರ್ಣದ ಹೊಸ್ತಿಲಲ್ಲಿ. ನಾನೂ ಅಲ್ಲೇ ಎರಡು ಸಲ ಕುಸಿದು ಕೂತವನು.

ಗೀತೆಯಲ್ಲಿ ಸ್ವರ ಬಹುಮಟ್ಟಿಗೆ ಮೆಟ್ಟಿಲ ಮೇಲೇ ಸಿಗುತ್ತದೆ. ಬೆರಳಿಟ್ಟು ಮೀಟಿದರೆ ಆಯಿತು. ರಾಮನಾಡ್ ಶ್ರೀನಿವಾಸ ಅಯ್ಯಂಗಾರ್ಯರ ಮೋಹನ ವರ್ಣ ‘ನಿನ್ನುಕೋರಿ’ಗೆ ಬಂದಿರೋ, ಅದಷ್ಟೇ ಸಾಲದು. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಅಲುಗಿಸಬೇಕು. ಎಷ್ಟು ಎಳೆಯಬೇಕೆಂಬುದಕ್ಕೆ 24 ಮೆಟ್ಟಿಲಲ್ಲಿ ಒಂದರ ಮೇಲೂ ಗುರುತಿಲ್ಲ, ಕಿವಿಯೇ ಹೇಳಬೇಕು. ಆ ಹೊತ್ತಿಗೆ ಕಿವಿಯೋ, ಕೈಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತದೆ. ಕಳೆದ ತಿಂಗಳು ಚೆನ್ನಾಗಿದೆ ಅನ್ನಿಸಿದ್ದೇ ಈಗ ಕರ್ಕಶ. ಕಲಿಯುವವನು ಇದನ್ನು ತನ್ನ ಹಿನ್ನಡೆ ಎಂದುಕೊಂಡು, ‘ಈ ವಯಸ್ಸಿಗೆ ಇಷ್ಟೇ’ ಎಂದು ಗವಸು ಮುಚ್ಚಿಬಿಡುತ್ತಾನೆ.

ಗವಸು ಮುಚ್ಚಿದಿರೋ, ಎರಡನೆಯ ತೊಡಕು ಶುರು. ಹದಿನೈದು ದಿನ ಮುಟ್ಟದ ವೀಣೆ ಎದುರು ಕೂತರೆ ಬಾರಿಸುವ ನಾಲ್ಕು ತಂತಿ, ತಾಳದ ಮೂರು ತಂತಿ, ಏಳೂ ಏಳು ದಾರಿ ಹಿಡಿದಿರುತ್ತವೆ. ಬಿಡುವು ಸಿಕ್ಕಿದ್ದೇ ಅರ್ಧ ಗಂಟೆ. ಅದರಲ್ಲಿ ಅರ್ಧ ಬಿರಡೆ ತಿರುಗಿಸುವುದಕ್ಕೇ ಹೋಯಿತು. ಮಾರನೇ ದಿನ ಕೂರಲು ಮನಸ್ಸಾದರೂ ಹೇಗೆ ಬಂದೀತು? ಅದಕ್ಕೇ ನಮ್ಮ ಮನೆಯಲ್ಲಿ ವೀಣೆ ಈಗ ಗವಸಿನೊಳಗಿಲ್ಲ. ಗೋಡೆ ಬದಿಯ ಚಾಪೆಯ ಮೇಲೆ, ಒಂದು ಹಳೇ ಪಂಚೆ ಹೊದ್ದು ಮಲಗಿದೆ. (ಬೆಕ್ಕಿಗೆ ಆ ಯಾಳಿ ಮುಖ ಕಂಡರೆ ಆಗದು. ನನ್ನ ಪುಣ್ಯ.) ದಿನವೂ ಮುಟ್ಟುವುದರಿಂದ ಶ್ರುತಿ ಕೂಡಿಸಲು ಎರಡು ನಿಮಿಷ ಸಾಕು.

ದಿನಕ್ಕೊಂದು ಗಂಟೆ ಎಂಬ ವ್ರತವನ್ನೂ ಬಿಟ್ಟೆ. ಒಂದು ದಿನ ತಪ್ಪಿದರೆ ವ್ರತಭಂಗ, ಆಮೇಲೆ ವಾರವೆಲ್ಲ ರಜೆ. ಈಗ ಮುಕ್ತಾಯಿ ಸ್ವರದ ಒಂದೇ ಸಾಲು, ಒಂದೇ ಕಾಲ. ಹತ್ತು ನಿಮಿಷಕ್ಕೆ ಎದ್ದರೂ ಯಾರೂ ಕೇಳುವುದಿಲ್ಲ. ಎದ್ದದ್ದು ಕಡಿಮೆ ಎನ್ನುವುದು ಬೇರೆ ಮಾತು.

ನಮ್ಮ ಮೇಡಂ ಮಾಡಿದ ಉಪಾಯ ಇನ್ನೊಂದಿದೆ. ವರ್ಣ ತಡವರಿಸಿದಾಗ ಅವರು ನನ್ನನ್ನು ಮತ್ತೆ ಸರಳೆಗೆ ಕಳಿಸಿದರು. ಮಾಯಾಮಾಳವಗೌಳದಲ್ಲಿ ಅಲ್ಲ, ಮೋಹನದ ಐದು ಸ್ವರಗಳಲ್ಲಿ, ಮೂರೂ ಕಾಲ. ಮೊದಲ ವಾರ ಅವಮಾನವೆನಿಸಿತು, ಮುಖ ಊದಿಸಿಕೊಂಡೇ ಬಾರಿಸಿದೆ. ತಿಂಗಳು ಕಳೆದು ವರ್ಣಕ್ಕೆ ಮರಳಿದಾಗ ಎಡಗೈ ಮೆಟ್ಟಿಲನ್ನು ಹುಡುಕುತ್ತಿರಲಿಲ್ಲ. ಕಿವಿಗೆ ಎಳೆತದ ಕಡೆ ಗಮನ ಕೊಡಲು ಪುರುಸೊತ್ತು ಸಿಕ್ಕಿತು. ಎರಡನೆಯ ಕಾಲ ಇನ್ನೂ ಮುಗ್ಗರಿಸುತ್ತದೆ, ಸುಳ್ಳೇಕೆ ಹೇಳಲಿ.

ನಿಮ್ಮ ವೀಣೆಯೂ ಅಟ್ಟದ ಮೇಲಿದ್ದರೆ ಇಳಿಸಿ. ಆದರೆ ಅಂದೇ ಬಾರಿಸಲು ಕೂರಬೇಡಿ. ವರ್ಷಗಟ್ಟಲೆ ಸೆಕೆಗೆ ಮೇಣ ಸಡಿಲಾಗಿ ಮೆಟ್ಟಿಲು ಜರುಗಿರಬಹುದು. ಮೊದಲು ಮೇಳ ಕಟ್ಟುವವರ ಹತ್ತಿರ ಒಯ್ಯಿರಿ.