ಕಣ್ಣಪ್ಪನ ಬಿಲ್ಲು ಎಲ್ಲಿ ಹೋಯ್ತು?

ಬೇಡರ ಕಣ್ಣಪ್ಪ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಕಣ್ಣು ತಾನೇ? ಶಿವಲಿಂಗದ ಕಣ್ಣಲ್ಲಿ ರಕ್ತ, ತನ್ನ ಕಣ್ಣು ಕಿತ್ತಿಟ್ಟ ಭಕ್ತ, ಎರಡನೇ ಕಣ್ಣಿನ ಜಾಗ ತಪ್ಪದಿರಲಿ ಅಂತ ಗುರುತಿಗೆ ಇಟ್ಟ ಕಾಲು. ಕ್ಯಾಲೆಂಡರಿನಲ್ಲಿ, ಗುಡಿಯ ಗೋಡೆಯಲ್ಲಿ, ಸಿನಿಮಾ ಪೋಸ್ಟರಿನಲ್ಲಿ ಇದೇ ಚಿತ್ರ. ಅವನು ಬಿಲ್ಲುಗಾರ, ಬೇಟೆಯಿಂದ ಹೊಟ್ಟೆ ಹೊರೆಯುತ್ತಿದ್ದವನು ಅನ್ನೋದು ಎಲ್ಲರಿಗೂ ಗೊತ್ತು, ಆದ್ರೆ ಯಾರಿಗೂ ಬೇಕಾಗಿಲ್ಲ. 'ಬೇಡರ' ಅನ್ನೋದು ಹೆಸರಿನ ಮುಂದಿನ ಇನಿಷಿಯಲ್ ಥರ ಆಗಿಬಿಟ್ಟಿದೆ.

ನನ್ನ ತಕರಾರು ಇರೋದು ಇಲ್ಲೇ. ಈ ಕಥೆಯಲ್ಲಿ ಕಣ್ಣಪ್ಪ ಮಾಡೋ ಒಂದೊಂದು ಕೆಲಸವೂ ಬೇಟೆಗಾರನ ಕೆಲಸ. ಅದನ್ನು ತೆಗೆದುಬಿಟ್ಟರೆ ಉಳಿಯೋದು ಒಬ್ಬ ಮುಗ್ಧ ಪೆದ್ದ. ನಮ್ಮ ಸಿನಿಮಾಗಳು, ಹರಿಕಥೆಗಳು ಬಹಳ ಸಲ ಆ ಪೆದ್ದನನ್ನೇ ತೋರಿಸಿ ನಮ್ಮನ್ನು ಅಳಿಸಿವೆ.

ಹಳೇ ಕಥೆ ನೋಡಿ. ಕನ್ನಡದಲ್ಲಿ ಹಂಪೆಯ ಹರಿಹರನ 'ಕಣ್ಣಪ್ಪನ ರಗಳೆ' ಇದೆ. ತಮಿಳಿನಲ್ಲಿ 12ನೇ ಶತಮಾನದ ಶೇಕ್ಕಿಳಾರ್ ಬರೆದ 'ಪೆರಿಯ ಪುರಾಣಂ' ಇದೆ. ಶೇಕ್ಕಿಳಾರ್ ಹೇಳೋ ಕಥೆಯಲ್ಲಿ ಹುಡುಗನ ಹೆಸರು ತಿಣ್ಣ. ಮೊದಲ ಬೇಟೆಗೆ ಹೊರಟವನಿಗೆ ಒಂದು ಕಾಡುಹಂದಿ ಎದುರಾಗುತ್ತೆ. ಇಬ್ಬರು ಗೆಳೆಯರ ಜೊತೆ ಅದರ ಬೆನ್ನು ಹತ್ತಿ, ಉಳಿದವರನ್ನೆಲ್ಲ ಹಿಂದೆ ಬಿಟ್ಟು, ಸುಸ್ತಾಗಿ ನಿಂತ ಹಂದಿಯನ್ನ ಹತ್ತಿರ ಹೋಗಿ ಕತ್ತಿಯಿಂದ ಹೊಡೀತಾನೆ. ಆಮೇಲೆ ಕಾಳಹಸ್ತಿಯ ಬೆಟ್ಟ, ಅಲ್ಲಿ ಒಂಟಿ ಶಿವ. ಹಂದಿ ಸುಟ್ಟು, ಬೆಂದಿದೆಯಾ ಅಂತ ಬಾಯಿಗೆ ಹಾಕಿ ನೋಡಿ, ಚೆನ್ನಾಗಿರೋ ತುಂಡುಗಳನ್ನ ಮಾತ್ರ ಎಲೆಯ ದೊನ್ನೆಗೆ ಹಾಕ್ತಾನೆ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ದೊನ್ನೆ. ಇನ್ನು ನೀರು ಹೇಗೆ ತರೋದು? ಬಾಯಿ ತುಂಬ. ಹೂವು? ತಲೆಗೂದಲಲ್ಲಿ ಸಿಕ್ಕಿಸಿಕೊಂಡು.

ಇದನ್ನೆಲ್ಲ ಪ್ರವಚನದಲ್ಲಿ 'ಪಾಪ, ಅವನಿಗೆ ಮಡಿ ಮೈಲಿಗೆ ಗೊತ್ತಿರಲಿಲ್ಲ' ಅಂತ ವಿವರಿಸ್ತಾರೆ. ಗೊತ್ತಿಲ್ಲ ಅನ್ನೋದನ್ನೇ ಅವನ ಗುಣ ಮಾಡಿಬಿಡ್ತಾರೆ. ಆದ್ರೆ ಅವನಿಗೆ ಏನೇನು ಗೊತ್ತಿತ್ತು? ಕೈ ಖಾಲಿ ಇಲ್ಲದಾಗ ಕಾಡಲ್ಲಿ ನೀರು ಸಾಗಿಸೋದು ಗೊತ್ತಿತ್ತು. ಯಾವ ತುಂಡು ಎಳೇದು, ಯಾವುದು ಬೆಂದಿದೆ ಅನ್ನೋದು ಗೊತ್ತಿತ್ತು. ರಾತ್ರಿ ಕಾಡುಪ್ರಾಣಿ ಬಂದೀತು ಅಂತ ಬಿಲ್ಲು ಹಿಡಿದು ಬೆಳಗಿನವರೆಗೆ ದೇವರಿಗೇ ಕಾವಲು ನಿಲ್ಲೋದು ಗೊತ್ತಿತ್ತು. ಶಿವನನ್ನ ಕಾಯೋಕೆ ನಿಂತವನು! ಈ ಒಂದು ರಾತ್ರಿ ಸಾಕು ನನಗೆ.

ಇನ್ನು ಕಣ್ಣಲ್ಲಿ ರಕ್ತ ಬಂದಾಗ? ತಕ್ಷಣ ತನ್ನ ಕಣ್ಣು ಕೀಳಲ್ಲ. ಮೊದಲು ಬಿಲ್ಲು ಬಾಣ ಎತ್ತಿಕೊಂಡು, ಹೊಡೆದವನು ಯಾರು, ಮನುಷ್ಯನಾ ಮೃಗವಾ ಅಂತ ಸುತ್ತಮುತ್ತ ಹುಡುಕ್ತಾನೆ. ಯಾರೂ ಸಿಗಲ್ಲ. ಆಮೇಲೆ ಗಾಯಕ್ಕೆ ಸೊಪ್ಪು ತಂದು ಹಿಂಡ್ತಾನೆ. ನಿಲ್ಲಲ್ಲ. ಅದಾದ ಮೇಲೇ ಮಾಂಸಕ್ಕೆ ಮಾಂಸವೇ ಮದ್ದು ಅನ್ನೋ ತಮ್ಮವರ ಮಾತು ನೆನಪಾಗಿ ಬಾಣ ಕೈಗೆ ತಗೊಳ್ಳೋದು. ನಮ್ಮ ಕೆಲಸದಲ್ಲಿ ಪ್ರೊಡಕ್ಷನ್ ಸರ್ವರ್ ಬಿದ್ದಾಗ ಒಂದೊಂದೇ ಸಾಧ್ಯತೆ ಪರೀಕ್ಷೆ ಮಾಡ್ತೀವಲ್ಲ, ಅದೇ ಕ್ರಮ. ಭಾವಾವೇಶದಲ್ಲಿ ಕಣ್ಣು ಕಿತ್ತವನಲ್ಲ ಅವನು. ಗೊತ್ತಿದ್ದ ಎಲ್ಲ ದಾರಿ ಮುಗಿಸಿ ಅಲ್ಲಿಗೆ ಬಂದವನು.

ನನಗೆ ಈ ಕಣ್ಣು ತೆರೆಸಿದ್ದು ಪುಸ್ತಕ ಅಲ್ಲ, ನಮ್ಮ ದೊಡ್ಡಪ್ಪ. ಬಿ.ಇ. ಓದುವಾಗ ಶಿವಮೊಗ್ಗದ ಹೊಸಮನೆಯಲ್ಲಿ ಚಿಕ್ಕಮ್ಮನ ಮನೇಲಿದ್ದೆ. ದೊಡ್ಡಪ್ಪ ಊರಿಂದ ಆಸ್ಪತ್ರೆ ಕೆಲಸಕ್ಕೆ ಬಂದಾಗ ಅಲ್ಲೇ ಉಳೀತಿದ್ರು. ಹರೆಯದಲ್ಲಿ ಶಿಕಾರಿ ಮಾಡಿದವರು. 1972ರ ವನ್ಯಜೀವಿ ಕಾಯ್ದೆಗೆ ಮುಂಚಿನ ಮಾತು ಅಂತ ಅವರೇ ಜೋರಾಗಿ ಸೇರಿಸೋರು, ಪಕ್ಕದ ಮನೆಯವರಿಗೂ ಕೇಳೋ ಹಾಗೆ. ಒಂದು ಭಾನುವಾರ ಟಿವಿಯಲ್ಲಿ ಯಾವುದೋ ಪೌರಾಣಿಕ ಸಿನಿಮಾದ ಬೇಟೆ ದೃಶ್ಯ. ನಾಯಕ ಬಿಲ್ಲು ಎಳೆದು ನಿಂತಿದಾನೆ, ಉದ್ದ ಕೂದಲು ಮುಂದಕ್ಕೆ ಹಾರ್ತಾ ಇದೆ. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, "ಗಾಳಿ ಬೆನ್ನಿಗೆ ಹಾಕ್ಕಂಡು ನಿಂತಿದಾನಲ್ಲೋ ಮಾರಾಯ. ಇವನಿಗೆ ಹಂದಿ ಹಾಗಿರ್ಲಿ, ಹೆಗ್ಗಣನೂ ಸಿಗಲ್ಲ" ಅಂದ್ರು. ಕಣ್ಣಪ್ಪ ಮಾಂಸ ರುಚಿ ನೋಡಿದ ಮಾತು ಬಂದಾಗ ಅವರಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. "ಮತ್ತೆ? ಬಾಯಿಗೆ ಹಾಕ್ದೆ ಹ್ಯಾಂಗೆ ಗೊತ್ತಾಗ್ತದೆ? ನೆಂಟರಿಗೆ ಬಡಿಸೋವಾಗ ನಿಮ್ಮಮ್ಮ ಉಪ್ಪು ನೋಡಲ್ವಾ?"

ದೊಡ್ಡಪ್ಪನ ಕೈಯಲ್ಲಿ ಇದ್ದದ್ದು ಕೋವಿ. ಬಿಲ್ಲು ಹಿಡಿದವರನ್ನ ಅವರೂ ನೋಡಿರಲಿಲ್ಲ. ಆದ್ರೂ ಅವರ ಬಾಯಲ್ಲಿ ಒಂದು ಮಾತಿತ್ತು. ಒಂದಷ್ಟು ಜನ ಹಳು ನುಗ್ಗಿ ಪ್ರಾಣಿ ಎಬ್ಬಿಸಿದರೆ, ಅದು ದಾಟೋ ಜಾಗದಲ್ಲಿ ಕೋವಿ ಹಿಡಿದು ಕಾಯೋದಕ್ಕೆ 'ಬಿಲ್ಲಿಗೆ ಕೂರೋದು' ಅನ್ನೋರು. ಕೈಯಿಂದ ಬಿಲ್ಲು ಹೋಗಿ ಎಷ್ಟು ತಲೆಮಾರಾಯ್ತೋ, ಮಾತಿನಲ್ಲಿ ಬಿಲ್ಲು ಹಾಗೇ ಕೂತಿದೆ. ಇನ್ನೊಂದು ವಿಷಯ: ಅವರ ಶಿಕಾರಿ ಕಥೆಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಪ್ರಾಣಿಗಳದ್ದು. ಗುರಿ ತಪ್ಪದ ಬೇಟೆಗಾರ ಸಿನಿಮಾದಲ್ಲಿ ಮಾತ್ರ ಇರ್ತಾನೆ.

ಇದಕ್ಕೇ 1954ರ 'ಬೇಡರ ಕಣ್ಣಪ್ಪ' ನನಗೆ ಇಷ್ಟ. ಎಚ್.ಎಲ್.ಎನ್. ಸಿಂಹ ನಿರ್ದೇಶನ, ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರ, ಗುಬ್ಬಿ ಕಂಪನಿಯ ನಾಟಕದ ಬೇರು. ಅದರ ಎಲ್ಲರಿಗೂ ಬಾಯಿಪಾಠವಾದ ಹಾಡು ಭಕ್ತಿಗೀತೆ ಅಂತಲೇ ಹೆಸರಾಗಿದೆ, ಆದ್ರೆ ಸರಿಯಾಗಿ ಕೇಳಿ ನೋಡಿ, ಅದು ಹಸಿವಿನ ಹಾಡು. ಹೊಟ್ಟೆ ಹಸಿದ ಬೇಡ, ಪೂಜೆ ಗೀಜೆ ನಂಗೊತ್ತಿಲ್ಲ, ಕಾಪಾಡು ಅಂತ ಕೇಳ್ತಾನೆ. ಮೋಕ್ಷ ಕೇಳಲ್ಲ. ಬೇಟೆಯನ್ನೇ ನಂಬಿದವನ ಹೊಟ್ಟೆಪಾಡು ಕನ್ನಡ ಸಿನಿಮಾದಲ್ಲಿ ಇಷ್ಟು ನೇರವಾಗಿ ಬಂದದ್ದನ್ನ ನಾನು ಬೇರೆಲ್ಲೂ ಕಂಡಿಲ್ಲ. ಎಪ್ಪತ್ತು ವರ್ಷ ಆದ್ರೂ ಅದು ಹಳತಾಗಿಲ್ಲ ಅಂದ್ರೆ ಕಾರಣ ಇದು.

ಆದ್ರೆ ಅದೇ ಸಿನಿಮಾ ಒಂದು ಕಿತಾಪತಿ ಮಾಡುತ್ತೆ. ಕಣ್ಣಪ್ಪ ಮತ್ತು ಅವನ ಹೆಂಡತಿ ಶಾಪದಿಂದ ಭೂಮಿಗೆ ಬಿದ್ದು ಬೇಡರಾಗಿ ಹುಟ್ಟಿದ ದೇವಲೋಕದವರಂತೆ. ಯಾಕಪ್ಪಾ? ಬೇಡರ ಹಟ್ಟಿಯಲ್ಲಿ ಹುಟ್ಟಿದ ಬೇಡನಿಗೇ ಶಿವ ಒಲಿದರೆ ಏನು ಕಷ್ಟ? ತೆಲುಗಿನಲ್ಲಿ ಬಾಪು 1976ರಲ್ಲಿ ಕೃಷ್ಣಂರಾಜು ಹಾಕಿಕೊಂಡು ಮಾಡಿದ 'ಭಕ್ತ ಕಣ್ಣಪ್ಪ'ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಅವನು ಹಿಂದಿನ ಜನ್ಮದಲ್ಲಿ ಅರ್ಜುನ. ಒಳ್ಳೇ ಬಿಲ್ಲುಗಾರ ಅಂದ್ರೆ ಕ್ಷತ್ರಿಯನೇ ಇರಬೇಕು, ಈ ಜನ್ಮದಲ್ಲಿ ಅಲ್ಲದಿದ್ರೆ ಹಿಂದಿನದ್ದರಲ್ಲಿ! ನಮ್ಮಲ್ಲಿ 1988ರ 'ಶಿವ ಮೆಚ್ಚಿದ ಕಣ್ಣಪ್ಪ' ನೋಡಿದ್ದು ಅಪ್ಪ ಮಕ್ಕಳನ್ನ ಒಟ್ಟಿಗೆ ನೋಡೋ ಖುಷಿಗೆ. ಶಿವನಾಗಿ ರಾಜ್‌ಕುಮಾರ್, ಕಣ್ಣಪ್ಪನಾಗಿ ಶಿವರಾಜ್‌ಕುಮಾರ್, ಚಿಕ್ಕ ಕಣ್ಣಪ್ಪನಾಗಿ ಪುನೀತ್. ಆ ಖುಷಿಯ ಬಗ್ಗೆ ನಾನು ವಿಮರ್ಶೆ ಮಾಡಲ್ಲ. 2025ರ ಜೂನ್‌ನಲ್ಲಿ ಬಂದ ವಿಷ್ಣು ಮಂಚು ಅವರ 'ಕಣ್ಣಪ್ಪ'ದಲ್ಲಿ ಅವನು ಮೊದಲು ದೇವರನ್ನೇ ನಂಬದವನು. ಅಲ್ಲೂ ಪ್ರಶ್ನೆ ನಂಬಿಕೆಯದ್ದೇ, ಕಸುಬಿನದ್ದಲ್ಲ.

ತಮಾಷೆ ಅಂದ್ರೆ, ಬೇಟೆಯ ಕಸುಬಿಗೆ ಪೂರ್ತಿ ಮರ್ಯಾದೆ ಕೊಟ್ಟ ಕಥೆಯೂ ನಮ್ಮಲ್ಲೇ ಇದೆ. ಕಿರಾತಾರ್ಜುನ ಪ್ರಸಂಗ. ಯಕ್ಷಗಾನದಲ್ಲಿ ಬೆಳಗಿನ ಜಾವ ನಿದ್ದೆಗಣ್ಣಲ್ಲಿ ನೋಡಿದವರು ನಮ್ಮ ಕಡೆ ಬಹಳ ಜನ. ಒಂದೇ ಹಂದಿಗೆ ಅರ್ಜುನನೂ ಕಿರಾತನೂ ಬಾಣ ಬಿಡ್ತಾರೆ. ಹಂದಿ ಯಾರದ್ದು? ಬೇಟೆಯ ಧರ್ಮ ಮುರಿದೆ ಅಂತ ಮಹಾಭಾರತದ ಅರ್ಜುನ ಕಿರಾತನ ಮೇಲೆ ಎಗರಾಡ್ತಾನೆ. ಈ ಜಗಳ ಮಲೆನಾಡಿನ ಯಾವ ಶಿಕಾರಿ ಗುಂಪಿಗೂ ಹೊಸದಲ್ಲ. ಮೊದಲ ಈಡು ಯಾರದ್ದು ಅಂತ ಕೇಳಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನ ನಾನು ಬಲ್ಲೆ. ಕಥೆಯಲ್ಲಿ ಕಿರಾತ ಗೆಲ್ತಾನೆ, ಯಾಕಂದ್ರೆ ಅವನು ಶಿವ. ಅಂದ್ರೆ ದೇವರು ಬೇಡನ ವೇಷ ಹಾಕಿದರೆ ಬಿಲ್ಲಿಗೆ ಚಪ್ಪಾಳೆ. ಬೇಡ ಬೇಡನಾಗೇ ಬಂದರೆ ಅವನಿಗೊಂದು ಪೂರ್ವಜನ್ಮ ಹುಡುಕಬೇಕು.

ಏಕಲವ್ಯನನ್ನ ಪಕ್ಕದಲ್ಲಿಟ್ಟು ನೋಡಿ. ಅವನಪ್ಪನ ಹೆಸರೇ ಹಿರಣ್ಯಧನು, ಚಿನ್ನದ ಬಿಲ್ಲು. ಬೊಗಳೋ ನಾಯಿಯ ಬಾಯಿಗೆ ಏಳು ಬಾಣ ತುಂಬಿದವನು. ಹೆಬ್ಬೆರಳು ಹೋದ ಮೇಲೂ ಉಳಿದ ಬೆರಳಲ್ಲೇ ಬಾಣ ಬಿಟ್ಟ, ಮೊದಲಿನ ವೇಗ ಮಾತ್ರ ಬರಲಿಲ್ಲ ಅಂತ ಮಹಾಭಾರತ ಹೇಳುತ್ತೆ. ಈ ಸಾಲು ಎಷ್ಟು ಜನಕ್ಕೆ ಗೊತ್ತು? ನಮ್ಮ ಇಬ್ಬರು ದೊಡ್ಡ ಕಾಡಿನ ಬಿಲ್ಲುಗಾರರಲ್ಲಿ ಒಬ್ಬ ಕೊಟ್ಟದ್ದು ಹೆದೆ ಎಳೆಯೋ ಬೆರಳು, ಇನ್ನೊಬ್ಬ ಕೊಟ್ಟದ್ದು ಗುರಿ ಹಿಡಿಯೋ ಕಣ್ಣು. ಬಿಲ್ಲುಗಾರನಾಗಿ ಉಳಿಯೋಕೆ ಯಾವುದು ಬೇಕೋ ಅದನ್ನೇ. ಕೊಟ್ಟಿದ್ದನ್ನ ಹಾಡಿ ಹೊಗಳಿದೆವು. ಕೊಡೋಕೆ ಮುಂಚೆ ಅವರಿಗೆ ಏನು ಬರ್ತಿತ್ತು ಅಂತ ಕೇಳಲಿಲ್ಲ.

ಆಯುಧ ಕಳೆದುಕೊಳ್ಳೋದು ಬೇಡರಿಗೆ ಬರೀ ಪುರಾಣವೂ ಅಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ, ಊರಿಗೆ ಊರೇ ಸುಟ್ಟುಹೋಯ್ತು. ಅವರ ಬಗ್ಗೆ ಲಾವಣಿ ಇದೆ. ಆ ಲಾವಣಿಯವನಿಗೆ ನಾಯಕರ ಪೂರ್ವಜನ್ಮ ಬೇಕಾಗಲಿಲ್ಲ.

ಇಷ್ಟು ಯಾಕೆ ಮೈಮೇಲೆ ಎಳ್ಕೊಳ್ತೀಯಾ ಅಂತ ಬೆಂಗಳೂರಿನ ಗೆಳೆಯ ಕೇಳಿದ. ಹಳ್ಳಿಯಿಂದ ಬಂದ ನಮ್ಮಂಥವರು ಒಂದು ಕಷ್ಟದ ಬಗ್ ಹಿಡಿದಾಗ ಮೀಟಿಂಗಲ್ಲಿ 'ತುಂಬಾ ಡೆಡಿಕೇಟೆಡ್ ಹುಡುಗ' ಅಂತಾರೆ ಗೊತ್ತಲ್ಲ? ದೊಡ್ಡ ಕಾಲೇಜಿನವನು ಅದೇ ಬಗ್ ಹಿಡಿದರೆ 'ಶಾರ್ಪ್'. ನಮ್ಮದು ಭಕ್ತಿ, ಅವನದ್ದು ವಿದ್ಯೆ. ಹೊಗಳಿಕೆಯೇ ಆದ್ದರಿಂದ ಜಗಳ ಆಡೋಕೂ ಆಗಲ್ಲ.

ಮುಂದೆ ಯಾರಾದ್ರೂ ಕಣ್ಣಪ್ಪನ ಸಿನಿಮಾ ಮಾಡೋದಾದ್ರೆ ಮೊದಲ ಹತ್ತು ನಿಮಿಷ ಹಾಡು ಬೇಡ, ಗಂಧರ್ವರು ಬೇಡ. ಒಬ್ಬ ಹುಡುಗ ಪೊದೆಯ ಹಿಂದೆ ಬಿಲ್ಲಿಗೆ ಕೂತಿರಲಿ. ಮುಖಕ್ಕೆ ಗಾಳಿ ಬಡೀತಿರಲಿ. ಹಂದಿ ಬರಲಿ, ಅವನು ಹೊಡೀಲಿ, ತಪ್ಪಲಿ. ಅಲ್ಲೀವರೆಗೆ ನೀವು ಯಾವುದಾದ್ರೂ ಹಳೇ ಗುಡಿಗೆ ಹೋದಾಗ ಕಣ್ಣಪ್ಪನ ಶಿಲ್ಪ ಸಿಕ್ಕಿದ್ರೆ, ಕಣ್ಣು ಕಾಲು ನೋಡಿ ಆದ ಮೇಲೆ ಒಂದು ನಿಮಿಷ ನಿಂತು, ಬಿಲ್ಲನ್ನ ಶಿಲ್ಪಿ ಎಲ್ಲಿಟ್ಟಿದಾನೆ ಅಂತ ಹುಡುಕಿ. ಹೆಗಲಲ್ಲಿದ್ರೂ ಸರಿ, ನೆಲದಲ್ಲಿದ್ರೂ ಸರಿ, ಒಂದು ಫೋಟೋ ತೆಗೆದು ನನಗೆ ಕಳಿಸಿ.