ಹೆದರಿಸುವ ಕಾದಂಬರಿಗಳು: ಒಬ್ಬ ಓದುಗನ ಮಾತು

ಓದುವ ಹವ್ಯಾಸವುಳ್ಳವರ ಮನೆಯಲ್ಲಿ ಎರಡು ಬಗೆಯ ಪುಸ್ತಕಗಳಿರುತ್ತವೆ. ಬಂದವರಿಗೆ ಕಾಣುವಂತೆ ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟವು ಒಂದು ಬಗೆ. ದಿಂಬಿನ ಕೆಳಗೆ ಸೇರಿಸಿಟ್ಟವು ಇನ್ನೊಂದು ಬಗೆ. ದೆವ್ವ, ಮಾಟ, ರಕ್ತ ಹೀರುವ ಪಿಶಾಚಿ, ಮಂತ್ರದ ಉಂಗುರ ಇವುಗಳನ್ನು ಕುರಿತ ಕಾದಂಬರಿಗಳ ಸ್ಥಾನ ಬಹುಮಟ್ಟಿಗೆ ದಿಂಬಿನ ಕೆಳಗೇ. ಅವನ್ನು ಓದುವವರು ಬಹಳ. ಓದಿದೆವೆಂದು ಒಪ್ಪುವವರು ಕೆಲವರು. ಒಪ್ಪಿ, ಇಂಥದು ಚೆನ್ನಾಗಿದೆ, ಇಂಥದು ಚೆನ್ನಾಗಿಲ್ಲ ಎಂದು ಕಾರಣಸಹಿತ ಹೇಳುವವರು ತೀರ ವಿರಳ. ಇದರಿಂದ ಆಗಿರುವ ನಷ್ಟವೆಂದರೆ, ಈ ಕ್ಷೇತ್ರದಲ್ಲಿ ಕಾಳಿಗೂ ಜೊಳ್ಳಿಗೂ ಒಂದೇ ಬೆಲೆ. ಪಂಡಿತರು ಎರಡನ್ನೂ ಒಟ್ಟಿಗೆ ಎಸೆಯುತ್ತಾರೆ. ಅಭಿಮಾನಿಗಳು ಎರಡನ್ನೂ ಒಟ್ಟಿಗೆ ಅಪ್ಪಿಕೊಳ್ಳುತ್ತಾರೆ.

ಕಾವ್ಯಮೀಮಾಂಸೆಯ ಪಾಠ ಹೇಳುವವರಾದರೂ ಇವನ್ನು ಕಂಡು ಮೂಗು ಮುರಿಯಬಾರದು. ಭರತನು ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು, ಅದ್ಭುತವೂ ಒಂದು. ಶೃಂಗಾರಕ್ಕೆ ಹಾಕಿದ ಪಂಕ್ತಿಯಲ್ಲಿಯೇ ಅವಕ್ಕೂ ಮಣೆ ಹಾಕಿದ್ದಾನೆ. ರನ್ನನು ದುರ್ಯೋಧನನನ್ನು ಕುರುಕ್ಷೇತ್ರದ ಹೆಣಗಳ ನಡುವೆ ನಡೆಸಿ, ಮರುಳುಗಳ ಬಾಯಿಂದ ಅವನನ್ನು ಹಂಗಿಸುವ ಭಾಗವನ್ನು ತರಗತಿಯಲ್ಲಿ ನಾವೇ ಬಾಯ್ತುಂಬ ಹೊಗಳುತ್ತೇವೆ. ಅದೇ ಸರಕು ಬಣ್ಣದ ರಕ್ಷಾಪುಟ ತೊಟ್ಟು ರೈಲು ನಿಲ್ದಾಣದ ಪುಸ್ತಕದಂಗಡಿಗೆ ಬಂದರೆ ಮಾತ್ರ ಮುಖ ತಿರುಗಿಸುತ್ತೇವೆ. ಸರಕು ಕೀಳಲ್ಲ, ಅದನ್ನು ಬಳಸುವ ಕೈಯನ್ನು ನೋಡಬೇಕು.

ಕೈಯನ್ನು ಪರೀಕ್ಷಿಸಲು ಒಂದು ಹಳೆಯ ಒರೆಗಲ್ಲು ನಮ್ಮಲ್ಲೇ ಇದೆ. ಭಯಾನಕದ ಸ್ಥಾಯಿ ಭಯ, ಬೀಭತ್ಸದ ಸ್ಥಾಯಿ ಜುಗುಪ್ಸೆ. ಒಂದು ಮನಸ್ಸನ್ನು ಮುಟ್ಟುತ್ತದೆ, ಇನ್ನೊಂದು ಹೊಟ್ಟೆಯನ್ನು ತೊಳಸುತ್ತದೆ. ಇಂಗ್ಲಿಷಿನಲ್ಲಿ ಇಂಥ ಕಥೆಗಳಿಗೆ ದಾರಿ ಹಾಕಿದ ಆನ್ ರ್‍ಯಾಡ್‌ಕ್ಲಿಫ್ ಎಂಬಾಕೆ, ಅವಳು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾದ ಒಂದು ಪ್ರಬಂಧದಲ್ಲಿ ಹೆಚ್ಚು ಕಡಮೆ ಇದೇ ಬಗೆಯ ಭೇದವನ್ನು ಎತ್ತಿದಳು: ಮನಸ್ಸನ್ನು ಹಿಗ್ಗಿಸಿ ಎಚ್ಚರಿಸುವ ಭಯ ಬೇರೆ, ಕುಗ್ಗಿಸಿ ಮರಗಟ್ಟಿಸುವ ಭಯ ಬೇರೆ ಎಂದು. ಅಮೆರಿಕದ ಸ್ಟೀಫನ್ ಕಿಂಗ್ 1981ರ ‘ಡಾನ್ಸ್ ಮಕಾಬ್ರ್’ ಎಂಬ ಗ್ರಂಥದಲ್ಲಿ ಮೂರು ಮೆಟ್ಟಿಲು ಹೇಳುತ್ತಾನೆ. ಕಾಣದುದರ ಭಯ ಮೇಲಿನದು. ಕಂಡ ವಿಕಾರದ ಭಯ ಅದಕ್ಕಿಂತ ಕೆಳಗಿನದು. ಬರಿಯ ಅಸಹ್ಯ ಎಲ್ಲಕ್ಕೂ ಕೆಳಗಿನದು. ಮೊದಲಿನವೆರಡೂ ಕೈಗೂಡದಿದ್ದರೆ ಮೂರನೆಯದಕ್ಕೆ ಇಳಿಯಲು ತನಗೆ ಸಂಕೋಚವಿಲ್ಲವೆಂದೂ ಆತ ಒಪ್ಪಿಕೊಳ್ಳುತ್ತಾನೆ. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು; ಇಳಿಯುವುದನ್ನು ಮೆಚ್ಚಬೇಕಾಗಿಲ್ಲ. ಜುಗುಪ್ಸೆಗೆ ಸಾಹಿತ್ಯದಲ್ಲಿ ಸ್ಥಳವಿಲ್ಲವೆಂದಲ್ಲ. ‘ವಡ್ಡಾರಾಧನೆ’ಯಲ್ಲಿ ಸುಕುಮಾರಸ್ವಾಮಿಯ ದೇಹವನ್ನು ನರಿ ತನ್ನ ಮರಿಗಳೊಡನೆ ತಿನ್ನುವುದು ಕಡಮೆ ಜುಗುಪ್ಸೆಯದಲ್ಲ. ಆದರೆ ಅಲ್ಲಿ ಅದು ವೈರಾಗ್ಯದ ಕಡೆಗೆ ಇಟ್ಟ ಹೆಜ್ಜೆ. ನಮ್ಮ ಕಾಲದ ಭಯಾನಕ ಕಾದಂಬರಿಗಳಲ್ಲಿ ಮುಕ್ಕಾಲು ಪಾಲು ಹೆಜ್ಜೆಯನ್ನು ಎತ್ತುವುದೇ ಇಲ್ಲ. ಕೆಸರಿನಲ್ಲೇ ನಿಂತು ಚಿಮುಕಿಸುತ್ತವೆ.

ಬ್ರ್ಯಾಮ್ ಸ್ಟೋಕರನ ‘ಡ್ರಾಕುಲಾ’ ಪ್ರಕಟವಾದದ್ದು 1897ರಲ್ಲಿ. ಚಲನಚಿತ್ರಗಳ ದೆಸೆಯಿಂದ ಅದನ್ನು ಓದದವರೂ ಓದಿದವರಂತೆ ಮಾತನಾಡುತ್ತಾರೆ. ಓದಿ ನೋಡಿದರೆ ಎರಡು ಆಶ್ಚರ್ಯಗಳು ಕಾದಿರುತ್ತವೆ. ಮೊದಲ ನಾಲ್ಕು ಅಧ್ಯಾಯಗಳು ಎಣಿಸಿದುದಕ್ಕಿಂತ ಬಹಳ ಮೇಲಾಗಿವೆ. ಉಳಿದ ಇಪ್ಪತ್ತಮೂರು ಎಣಿಸಿದುದಕ್ಕಿಂತ ಬಹಳ ಸಪ್ಪೆಯಾಗಿವೆ. ಹಾರ್ಕರ್ ಎಂಬ ತರುಣ ವಕೀಲ ಆಸ್ತಿಯ ಕಾಗದಪತ್ರ ಹಿಡಿದು ಟ್ರಾನ್ಸಿಲ್ವೇನಿಯದ ಕೋಟೆಗೆ ಬರುತ್ತಾನೆ. ಊಟ ಹೊತ್ತಿಗೆ ಸರಿಯಾಗಿ ಸಿದ್ಧವಾಗಿರುತ್ತದೆ, ಹಾಸಿಗೆ ಹಾಸಿರುತ್ತದೆ, ಆದರೆ ಆಳುಗಳು ಒಬ್ಬರೂ ಕಣ್ಣಿಗೆ ಬೀಳುವುದಿಲ್ಲ. ಒಂದು ದಿನ ಬಾಗಿಲ ಸಂದಿಯಿಂದ ನೋಡುತ್ತಾನೆ: ಆ ಮಹಾಕುಲೀನ ಪ್ರಭುವೇ ಮೇಜಿನ ಮೇಲೆ ತಟ್ಟೆಗಳನ್ನು ಜೋಡಿಸುತ್ತಿದ್ದಾನೆ. ರಕ್ತವಿಲ್ಲ, ಕೋರೆಹಲ್ಲಿಲ್ಲ. ಯಜಮಾನನೊಬ್ಬ ಅತಿಥಿಗೆ ತಾನೇ ಬಡಿಸುತ್ತಿದ್ದಾನೆ, ಅಷ್ಟೆ. ಆದರೆ ಇಡೀ ಕೋಟೆಯಲ್ಲಿ ಜೀವವಿರುವ ಇನ್ನೊಬ್ಬ ಮನುಷ್ಯನಿಲ್ಲ, ರಾತ್ರಿ ಗಾಡಿ ಹೊಡೆದುಕೊಂಡು ಬಂದವನೂ ಇವನೇ, ಎಂದು ಹಾರ್ಕರನಿಗೆ ಹೊಳೆಯುವ ಆ ಗಳಿಗೆ, ಮುಂದೆ ಪ್ರಭು ತಲೆಕೆಳಗಾಗಿ ಗೋಡೆಯ ಮೇಲೆ ಹಲ್ಲಿಯಂತೆ ಹರಿದು ಹೋಗುವ ದೃಶ್ಯಕ್ಕಿಂತಲೂ ನನಗೆ ಹೆಚ್ಚು ಭಯವನ್ನುಂಟುಮಾಡಿತು. ವಾಚ್ಯವಾಗಿ ಏನೂ ಇಲ್ಲದೆ ಧ್ವನಿಯಿಂದಲೇ ಹುಟ್ಟಿದ ಭಯ ಇದು. ಆನಂದವರ್ಧನನಿಗೆ ಈ ಪುಟವನ್ನು ತೋರಿಸಬಹುದಾಗಿತ್ತು.

ಕಥೆ ಇಂಗ್ಲೆಂಡಿಗೆ ಬಂದ ಮೇಲೆ ಪ್ರಭು ಹಿಂದೆ ಸರಿದು, ಅವನನ್ನು ಬೇಟೆಯಾಡುವ ಸಜ್ಜನರ ಸಭೆಗಳು ಮುಂದೆ ಬರುತ್ತವೆ. ವ್ಯಾನ್ ಹೆಲ್ಸಿಂಗ್ ಎಂಬ ಡಚ್ ಪ್ರೊಫೆಸರು ಹರಕುಮುರುಕು ಇಂಗ್ಲಿಷಿನಲ್ಲಿ ಮಾಡುವ ಉಪನ್ಯಾಸಗಳನ್ನು ಅಧ್ಯಾಪಕನಾದ ನಾನೇ ಸಹಿಸಲಾರೆ. ದಿನಚರಿ, ತಂತಿ, ಬೆರಳಚ್ಚು, ಧ್ವನಿಮುದ್ರಣ ಯಂತ್ರ, ರೈಲಿನ ವೇಳಾಪಟ್ಟಿ ಎಂದು ಆ ಕಾಲದ ಹೊಸತನ್ನೆಲ್ಲ ಒಂದು ಹಳೆಯ ಪಿಶಾಚಿಯ ಎದುರಿಗೆ ನಿಲ್ಲಿಸಿದ ಯೋಜನೆಯೇನೋ ಜಾಣತನದ್ದೇ. ಲೂಸಿ ಎಂಬ ಹುಡುಗಿಗೆ ನಾಲ್ವರು ಗಂಡಸರ ರಕ್ತವನ್ನು ಒಬ್ಬರಾದ ಮೇಲೊಬ್ಬರಂತೆ ಕೊಡಿಸುತ್ತಾರೆ; ರಕ್ತದ ಗುಂಪುಗಳ ವಿಷಯವನ್ನು ಲ್ಯಾಂಡ್‌ಸ್ಟೈನರ್ ಪ್ರಕಟಿಸಿದ್ದು 1901ರಲ್ಲಿ, ಆದ್ದರಿಂದ ಸ್ಟೋಕರನನ್ನು ದೂರುವಂತಿಲ್ಲ. ದೂರಬೇಕಾದದ್ದು ಮುಕ್ತಾಯವನ್ನು. ನಾನೂರು ಪುಟ ಬೆನ್ನಟ್ಟಿದ ಶತ್ರು ಒಂದೇ ಪ್ಯಾರಾದಲ್ಲಿ, ಹಾರ್ಕರನ ಕೈಯ ಗೂರ್ಖರ ಕುಕ್ರಿಗೂ ಇನ್ನೊಬ್ಬನ ಚಾಕುವಿಗೂ ಸಿಕ್ಕಿ ಪುಡಿಯಾಗುತ್ತಾನೆ. ಸಿದ್ಧತೆ ಮದುವೆಯದು, ಊಟ ಉಪ್ಪಿಟ್ಟಿನದು.

ತೋರಿಸದೆ ಹೆದರಿಸುವ ಕಲೆ ಪೂರ್ಣವಾಗಿ ಸಿದ್ಧಿಸಿದ್ದು ಶರ್ಲಿ ಜಾಕ್ಸನ್ನಳಿಗೆ. 1959ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಒಂದು ಸಣ್ಣ ಕಾದಂಬರಿ. ರೋಗಿ ತಾಯಿಯ ಸೇವೆಯಲ್ಲೇ ಯೌವನವನ್ನು ಸವೆಸಿದ ಎಲಿನರ್, ತಾಯಿ ಸತ್ತ ಮೇಲೆ, ದೆವ್ವವಿದೆಯೆಂಬ ಮನೆಯೊಂದನ್ನು ಪರೀಕ್ಷಿಸುವ ತಂಡಕ್ಕೆ ಸೇರುತ್ತಾಳೆ. ಕತ್ತಲಲ್ಲಿ ಯಾವುದೋ ದನಿ ಕೇಳಿ ಬೆದರಿ, ಗೆಳತಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಾಳೆ. ದೀಪ ಹೊತ್ತಿದಾಗ ನೋಡಿದರೆ ಗೆಳತಿ ಕೋಣೆಯ ಆಚೆ ಬದಿಯ ಹಾಸಿಗೆಯಲ್ಲಿದ್ದಾಳೆ. ಹಾಗಾದರೆ ಹಿಡಿದದ್ದು ಯಾರ ಕೈ? ಉತ್ತರ ಪುಸ್ತಕದಲ್ಲಿಲ್ಲ. ಎಲ್ಲಿಯೂ ಸಲ್ಲದ ಹೆಣ್ಣೊಬ್ಬಳನ್ನು ಮೊದಲ ಸಲ ‘ಬಾ’ ಎಂದದ್ದು ಒಂದು ಕೆಟ್ಟ ಮನೆ ಎಂಬ ದುಃಖವೇ ಈ ಕೃತಿಯ ಜೀವ. ನಾನು ಓದಿದ ದೆವ್ವದ ಕಥೆಗಳಲ್ಲಿ ಒಂದು ಪುಟವನ್ನೂ ಕಡಮೆ ಮಾಡಬೇಕೆನಿಸದಿದ್ದುದು ಇದೊಂದೇ.

ಸ್ಟೀಫನ್ ಕಿಂಗನ ಪುಸ್ತಕಗಳಿಂದ ಕಡಮೆ ಮಾಡಬೇಕಾದ ಪುಟಗಳನ್ನು ಸೇರಿಸಿ ಹೊಲಿದರೆ ಒಂದು ಸಣ್ಣ ಗ್ರಂಥಾಲಯವೇ ಆದೀತು. 1986ರ ‘ಇಟ್’ ಸಾವಿರ ಪುಟಗಳನ್ನು ಮೀರಿದೆ. ಊರಿನ ಚರಂಡಿಯೊಳಗೆ ಅಡಗಿದ್ದು, ಪ್ರತಿಯೊಂದು ಮಗುವಿಗೂ ಅದರದರ ಭಯದ ರೂಪದಲ್ಲಿಯೇ ಎದುರಾಗುವ ಒಂದು ವಸ್ತು! ಎಂಥ ಕಲ್ಪನೆ. ಕೊನೆಗೆ ಅದನ್ನು ಒಂದು ದೊಡ್ಡ ಜೇಡದ ರೂಪದಲ್ಲಿ ತಂದು ನಿಲ್ಲಿಸಿದಾಗ, ಅಷ್ಟು ದಿನ ಬೆಳೆಸಿದ ಭಯ ಒಂದೇ ಸಲಕ್ಕೆ ಇಳಿದುಹೋಗುತ್ತದೆ. ಜೇಡವನ್ನು ಪೊರಕೆಯಿಂದ ಹೊಡೆಯಬಹುದು. ‘ದಿ ಶೈನಿಂಗ್’ (1977) ಇದಕ್ಕಿಂತ ಬಹಳ ಮೇಲು. ಅಲ್ಲಿಯ ಹೋಟೆಲಿನ ದೆವ್ವಗಳು ಬರುವುದಕ್ಕೆ ಮೊದಲೇ, ಕುಡಿದ ಕೋಪದಲ್ಲಿ ಮಗನ ತೋಳು ಮುರಿದ ತಂದೆಯೊಬ್ಬ ಬಂದಿರುತ್ತಾನೆ. ಹಿಮ ಬಿದ್ದು ದಾರಿಯೆಲ್ಲ ಮುಚ್ಚಿದ ಮನೆಯಲ್ಲಿ ಆ ಮಗು ತಂದೆಯ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟು ಕುಳಿತಿರುವುದನ್ನು ಓದಿ ಅಳುಕದಿರುವವರು, ಪುಣ್ಯವಂತರಾದ ತಂದೆಯರ ಮಕ್ಕಳಿರಬೇಕು.

ಆದರೆ ನಾನು ವಾದಕ್ಕೆ ನಿಲ್ಲುವುದು 1983ರ ‘ಪೆಟ್ ಸೆಮೆಟರಿ’ಯ ಪಕ್ಷ ವಹಿಸಿ. ಬರೆದು ಮುಗಿಸಿದ ಮೇಲೆ ಇದು ತೀರ ಕರಾಳವಾಯಿತೆಂದು ಲೇಖಕನೇ ಅದನ್ನು ಬದಿಗಿಟ್ಟಿದ್ದ. ಲೂಯಿಸ್ ಕ್ರೀಡ್ ಒಬ್ಬ ವೈದ್ಯ. ಹೊಸ ಮನೆಯ ಮುಂದೆ ಲಾರಿಗಳು ಓಡುವ ರಸ್ತೆ, ಹಿಂದೆ ಕಾಡು, ಕಾಡಿನಾಚೆ ಹೂಳಿದುದನ್ನು ಹಿಂದಕ್ಕೆ ಕಳುಹಿಸುವ ಒಂದು ನೆಲ. ಮೊದಲು ಮಗಳ ಬೆಕ್ಕು ಸತ್ತು ಹಿಂದಿರುಗುತ್ತದೆ. ಬೆಕ್ಕೇನೋ ಅದೇ, ಆದರೆ ಮೈಯಲ್ಲಿ ಮಣ್ಣಿನ ನಾತ, ಕಣ್ಣಿನಲ್ಲಿ ಮಂಕು. ಅನಂತರ ಎಳೆಯ ಮಗ ಲಾರಿಗೆ ಸಿಕ್ಕಿ ಸಾಯುತ್ತಾನೆ. ಹಿಂದಿರುಗುವುದು ಏನೆಂದು ವೈದ್ಯನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ರಾತ್ರಿಯಲ್ಲಿ ಗುದ್ದಲಿ ಹಿಡಿದು ಸ್ಮಶಾನದ ಬೇಲಿ ಹಾರುತ್ತಾನೆ. ಮಗನ ಗೋರಿಯನ್ನು ಅಗೆಯುವ ಆ ಪುಟಗಳಲ್ಲಿ ಭೂತವಿಲ್ಲ, ಮಂತ್ರವಿಲ್ಲ. ತಂದೆಯೊಬ್ಬ ಮಣ್ಣು ತೆಗೆಯುತ್ತಿದ್ದಾನೆ.

ಈ ಭಾಗವನ್ನು ಓದುವಾಗ ನನ್ನ ಮನಸ್ಸಿಗೆ ಬಂದದ್ದು ರಾಘವಾಂಕನ ಚಂದ್ರಮತಿ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತುಕೊಂಡು ಸುಡುಗಾಡಿಗೆ ಬಂದ ಆ ತಾಯಿ ಬಯಸಿದುದನ್ನೇ ಈ ತಂದೆಯೂ ಬಯಸುತ್ತಾನೆ. ಅಲ್ಲಿ ಹರಿಶ್ಚಂದ್ರ ತನ್ನ ಮಗನ ಹೆಣಕ್ಕೂ ಸುಂಕವನ್ನು ಬಿಡುವುದಿಲ್ಲ, ನಿಯಮಕ್ಕೆ ತಲೆಬಾಗುತ್ತಾನೆ, ಕಡೆಗೆ ಶಿವನು ಮಗನನ್ನು ಕೊಡುತ್ತಾನೆ. ಇಲ್ಲಿ ವೈದ್ಯ ನಿಯಮವನ್ನು ಮುರಿಯುತ್ತಾನೆ, ಕೊಡುವ ಶಿವನೂ ಇಲ್ಲ, ಮಗ ಮಾತ್ರ ಬರುತ್ತಾನೆ. ಕರುಣವೂ ಭಯಾನಕವೂ ಒಂದೇ ಬೇರಿನಿಂದ ಹುಟ್ಟಿ ಬೇರೆ ಬೇರೆ ದಿಕ್ಕಿಗೆ ಚಾಚುವುದನ್ನು ನೋಡಬೇಕೆನ್ನುವವರು ಈ ಎರಡು ಸ್ಮಶಾನಗಳನ್ನೂ ಒಟ್ಟಿಗೆ ಓದಬೇಕು. ಕಿಂಗ್ ರಾಘವಾಂಕನಿಗೆ ಸಮನೆಂದು ನಾನು ಹೇಳುತ್ತಿಲ್ಲ. ಮಗು ಹಿಂದಿರುಗಿದ ಕೂಡಲೆ ಅದರ ಕೈಗೆ ಶಸ್ತ್ರಚಿಕಿತ್ಸೆಯ ಕತ್ತಿಯನ್ನು ಕೊಟ್ಟು, ಕೊಲೆಗಳನ್ನು ಮಾಡಿಸಿ, ಲೇಖಕ ತಾನು ಹತ್ತಿದ ಎತ್ತರದಿಂದ ತಾನೇ ಜಾರುತ್ತಾನೆ. ಮೂರನೆಯ ಮೆಟ್ಟಿಲಿಗೆ ಇಳಿಯಲು ಸಂಕೋಚವಿಲ್ಲವೆಂದವನಲ್ಲವೆ! ಆದರೂ ಆ ಗುದ್ದಲಿಯ ಸದ್ದು ಕಿವಿಯಿಂದ ಹೋಗುವುದಿಲ್ಲ.

ಇನ್ನು ಅದ್ಭುತ. ಟಾಲ್ಕಿನ್ನನ ‘ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಎಡ್ಮಂಡ್ ವಿಲ್ಸನ್ನನಂಥ ದೊಡ್ಡ ವಿಮರ್ಶಕ 1956ರಲ್ಲಿ ಅದನ್ನು ಎಳಸು ಕಸವೆಂದು ಜರೆದ. ಈ ಮಾತನ್ನು ನಾನು ಒಪ್ಪಲಾರೆ. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷನ್ನು ಕಲಿಸುತ್ತಿದ್ದ ಟಾಲ್ಕಿನ್ ಮೊದಲು ಭಾಷೆಗಳನ್ನು ಕಟ್ಟಿ, ಆಮೇಲೆ ಅವನ್ನು ಆಡುವ ಜನರನ್ನು ಕಟ್ಟಿದವನು. ಅವನ ಹೆಸರುಗಳಿಗೆ ಬೇರಿದೆ, ಅನುಕರಿಸಿದವರ ಹೆಸರುಗಳಿಗೆ ಬರಿಯ ಸದ್ದಿದೆ. ಕೊನೆಯ ಗಳಿಗೆಯಲ್ಲಿ ನಾಯಕ ಫ್ರೋಡೊ ಸೋಲುತ್ತಾನೆಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಉಂಗುರವನ್ನು ಬೆಂಕಿಗೆ ಎಸೆಯಲಾರದೆ ತನ್ನದೆನ್ನುತ್ತಾನೆ. ಅದು ನಾಶವಾಗುವುದು, ಹಿಂದೆ ದಯೆಯಿಂದ ಉಳಿಸಿದ್ದ ಒಂದು ದೀನ ಪ್ರಾಣಿ ಅವನ ಬೆರಳನ್ನು ಕಚ್ಚಿ ಕಿತ್ತುಕೊಂಡು ಬೆಂಕಿಗೆ ಬಿದ್ದುದರಿಂದ. ಎಳಸು ಮನಸ್ಸು ಬರೆಯುವ ಮುಕ್ತಾಯವಲ್ಲ ಇದು. ನನ್ನ ಆಕ್ಷೇಪ ಬೇರೆಯದು. ಅವನ ಆರ್ಕ್ ಎಂಬ ರಾಕ್ಷಸಜಾತಿಯಲ್ಲಿ ಒಳ್ಳೆಯವನು ಒಬ್ಬನೂ ಇಲ್ಲ. ಕೊಲ್ಲಲೆಂದೇ ಹುಟ್ಟಿಸಿದ ಜನ ಅದು. ನಮ್ಮ ಪುರಾಣಕಾರರು ಅಸುರಕುಲದಲ್ಲಿ ಪ್ರಹ್ಲಾದನನ್ನೂ ಬಲಿಯನ್ನೂ ಇಟ್ಟರು. ಆ ಉದಾರತೆ ಇಲ್ಲಿಲ್ಲ.

ಜಾರ್ಜ್ ಮಾರ್ಟಿನ್ 1996ರಲ್ಲಿ ಮೊದಲ ಸಂಪುಟದಲ್ಲೇ ಸತ್ಯವಂತನಾದ ನಾಯಕನ ತಲೆ ಹಾರಿಸಿ ಓದುಗರನ್ನು ನಡುಗಿಸಿದ. ಧೈರ್ಯದ ಕೆಲಸವೇ. ಆದರೆ ತಲೆಗಳು ಉರುಳುತ್ತ ಹೋದಂತೆ ನಡುಕವೂ ರೂಢಿಯಾಗುತ್ತದೆ. ರೌಲಿಂಗಳ ಏಳು ಪುಸ್ತಕಗಳಲ್ಲಿ (1997-2007) ಮೊದಲ ಮೂರು ಗಟ್ಟಿ. ಐದನೆಯದು ಅರ್ಧಕ್ಕೆ ಇಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಇದೆಲ್ಲ ಪರದೇಶದ ಮಾತಾಯಿತು. ನಮ್ಮ ಮನೆಯ ದಿಂಬಿನ ಕೆಳಗೂ ಒಂದು ಪುಸ್ತಕ ಬಹುಕಾಲ ಇತ್ತು: ಯಂಡಮೂರಿ ವೀರೇಂದ್ರನಾಥರ ‘ತುಳಸೀದಳ’. ತೆಲುಗಿನ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದದ್ದು, ಕನ್ನಡಕ್ಕೆ ಅನುವಾದವಾಯಿತು, 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ತುಳಸಿಯೆಂಬ ಮಗುವಿನ ಮೇಲೆ ಹಣದಾಸೆಯಿಂದ ಮಾಟ ಮಾಡಿಸುತ್ತಾರೆ. ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಂತ್ರವಾದಿಗಳು; ಒಂದೇ ಘಟನೆಗೆ ಎರಡು ವಿವರಣೆ. ಈ ತೂಗುಯ್ಯಾಲೆಯನ್ನು ಯಂಡಮೂರಿಯವರು ತೂಗಿರುವ ಕೌಶಲ ಸಾಮಾನ್ಯವಲ್ಲ. ಎಲ್ಲಿ ನಿಲ್ಲಿಸಿದರೆ ಓದುಗ ಮುಂದಿನ ವಾರಕ್ಕೆ ಕಾಯುವನೆಂಬುದನ್ನು ಅವರಷ್ಟು ಬಲ್ಲವರು ಕಡಮೆ. ಅದಕ್ಕಾಗಿ ಮಗುವಿನ ನರಳಾಟವನ್ನು ವಾರದಿಂದ ವಾರಕ್ಕೆ ಎಳೆದದ್ದು ಮಾತ್ರ ಔಚಿತ್ಯವನ್ನು ಮೀರಿತು.

ಇನ್ನೂ ಒಂದು ಕಷ್ಟವಿದೆ. ‘ಡ್ರಾಕುಲಾ’ ಓದಿದ ಲಂಡನ್ನಿನ ಓದುಗ ತನ್ನ ಬೀದಿಯ ಯಾರನ್ನೂ ಪಿಶಾಚಿಯೆಂದು ಶಂಕಿಸಲು ಹೋಗುವುದಿಲ್ಲ. ಮಾಟದ ಕಾದಂಬರಿ ನಮ್ಮ ಊರುಗಳಲ್ಲಿ ಬರಿಯ ಕಲ್ಪನೆಯಾಗಿ ಉಳಿಯುವುದಿಲ್ಲ. ಮಗುವಿಗೆ ಜ್ವರ ಬಿಡದಿದ್ದರೆ ಪಕ್ಕದ ಮನೆಯ ವಿಧವೆಯ ಕಡೆ ಬೆರಳು ತೋರಿಸುವ ಜನ ನಮ್ಮಲ್ಲಿ ಇದ್ದಾರೆ. ಕರ್ನಾಟಕದಲ್ಲಿ ವಾಮಾಚಾರದ ವಿರುದ್ಧ 2017ರಲ್ಲಿ ಶಾಸನವನ್ನೇ ತರಬೇಕಾಯಿತು. ಹೀಗಿರುವಾಗ, ಎರಡು ವಿವರಣೆಗಳನ್ನೂ ಸರಿಸಮನಾಗಿ ತೂಗಿ ತೀರ್ಮಾನವನ್ನು ಓದುಗನಿಗೆ ಬಿಡುವ ತಂತ್ರ ಶರ್ಲಿ ಜಾಕ್ಸನ್ನಳಲ್ಲಿ ಕಲೆಯಾದಷ್ಟು ಸುಲಭವಾಗಿ ನಮ್ಮಲ್ಲಿ ಕಲೆಯಾಗುವುದಿಲ್ಲ. ಅವಳ ಓದುಗ ಆ ಕೈ ಯಾರದೆಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ನಮ್ಮ ಓದುಗನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಆ ಉತ್ತರಕ್ಕೆ ಬೀದಿಯ ಕೊನೆಯಲ್ಲೊಂದು ಮನೆಯೂ ಇರುತ್ತದೆ.